ಸತ್ತು ಇಷ್ಟು ವರ್ಷ ಆದ್ರೂ ಕಾನ್ಸಸ್ ಸಿಟಿ ಬಕ್ ಓನೀಲ್ ಅವರನ್ನ ಯಾಕೆ ಮರೆತಿಲ್ಲ?

ಪ್ರಶ್ನೆ: ನಾವು ಬೆಂಗಳೂರಿಂದ ಕಾನ್ಸಸ್ ಸಿಟಿ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್‌ಗೆ ಬಂದು ಎರಡು ವರ್ಷ ಆಯ್ತು. ಮಗ ಲಿಟಲ್ ಲೀಗ್ ಆಡ್ತಾನೆ, ಹಾಗಾಗಿ ಮನೇಲಿ ಕ್ರಿಕೆಟ್ ಜೊತೆ ಈಗ ಬೇಸ್‌ಬಾಲೂ ಶುರುವಾಗಿದೆ. ಮೊನ್ನೆ ಕಾನ್ಸಸ್ ಸಿಟಿ ಟೀಮ್ ರಾಯಲ್ಸ್ ಮ್ಯಾಚ್‌ಗೆ ಹೋದಾಗ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟ್ ಹಿಂದೆ ನೀಲಿ ಸೀಟುಗಳ ಮಧ್ಯೆ ಒಂದೇ ಒಂದು ಕೆಂಪು ಸೀಟ್ ಕಾಣಿಸ್ತು, ಅದು ಬಕ್ ಓನೀಲ್ ಅನ್ನೋರ ನೆನಪಿಗೆ ಅಂತ ಪಕ್ಕದಲ್ಲಿ ಕೂತಿದ್ದೋರು ಹೇಳಿದ್ರು. ಡೌನ್‌ಟೌನ್ ಹತ್ರ ಇರೋ ಸೇತುವೆಗೂ ಅವರದ್ದೇ ಹೆಸರು. ಈಗ ಮಗನಿಗೆ ಸ್ಕೂಲಲ್ಲಿ ಅವರ ಬಗ್ಗೇನೇ ಬರೆಯೋಕೆ ಕೊಟ್ಟಿದ್ದಾರೆ. ನೆಟ್‌ನಲ್ಲಿ ನೋಡಿದ್ರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ಮ್ಯಾಚೂ ಆಡಿಲ್ಲ, 2006ರಲ್ಲಿ ತೀರ್ಕೊಂಡ್ರು, ಬೇಸ್‌ಬಾಲ್ ದಿಗ್ಗಜರಿಗೆ ಗೌರವ ಕೊಡೋ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2022ರಲ್ಲಿ ಅಂತ ಬರುತ್ತೆ. ಅವರಿಗಿಂತ ದೊಡ್ಡ ಪ್ಲೇಯರ್‌ಗಳು ಎಷ್ಟೋ ಜನ ಇದ್ರಲ್ಲ, ಇವರನ್ನೇ ಯಾಕೆ ಇಷ್ಟೊಂದು ನೆನಪಿಟ್ಕೊಂಡಿದ್ದಾರೆ? ಸತ್ತ ಮೇಲೆ ಕೊಟ್ಟ ಗೌರವದಿಂದ ಏನು ಬಂತು ಅಂತ ನಮ್ಮನೆಯವರು ಕೇಳ್ತಾರೆ, ಅದಕ್ಕೂ ಸ್ವಲ್ಪ ಉತ್ತರ ಕೊಡಿ.

ಉತ್ತರ: ನಮಸ್ಕಾರ ಮೇಡಂ. ಬೇಸ್‌ಬಾಲ್ ಹಿಸ್ಟರಿ ಓದ್ಕೊಂಡು ಬರ್ಕೊಂಡು ಬಂದಿರೋ ನನಗೆ ಇಷ್ಟು ಖುಷಿಯಾಗಿ ಉತ್ತರ ಬರೆಯೋ ಪ್ರಶ್ನೆ ಅಪರೂಪಕ್ಕೆ ಸಿಗುತ್ತೆ, ಅದಕ್ಕೇ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದಲು ಒಂದು ತಿದ್ದುಪಡಿ. ಮೇಜರ್ ಲೀಗ್‌ನಲ್ಲಿ ಆಡಲೇ ಇಲ್ಲ ಅನ್ನೋದು ಈಗ ಪೂರ್ತಿ ಸರಿ ಅಲ್ಲ. 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳನ್ನೂ (ಕರಿಯ ಆಟಗಾರರ ಲೀಗ್‌ಗಳು) ಮೇಜರ್ ಲೀಗ್ ಅಂತಲೇ ಪರಿಗಣಿಸ್ತೀವಿ ಅಂತ ಮೇಜರ್ ಲೀಗ್ ಬೇಸ್‌ಬಾಲ್ 2020ರ ಡಿಸೆಂಬರ್‌ನಲ್ಲಿ ಘೋಷಣೆ ಮಾಡ್ತು, 2024ರಲ್ಲಿ ಅಲ್ಲಿನ ರನ್ನು, ಹಿಟ್ಟು, ಆವರೇಜು ಎಲ್ಲಾ ಅಧಿಕೃತ ದಾಖಲೆ ಒಳಗೆ ಸೇರಿಸ್ತು. ಆ ಲೆಕ್ಕದಲ್ಲಿ ಬಕ್ ಮೇಜರ್ ಲೀಗರ್ರೇ. ಆದ್ರೆ ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿಲ್ಲ. ಅವರು ಒಳ್ಳೆ ಫಸ್ಟ್ ಬೇಸ್‌ಮನ್ (ಮೊದಲ ಬೇಸ್ ಕಾಯೋ ಫೀಲ್ಡರ್), ತುಂಬಾ ಒಳ್ಳೆ ಮ್ಯಾನೇಜರ್ (ಟೀಮ್‌ನ ಮುಖ್ಯ ಕೋಚ್), ಅಪರೂಪದ ಸ್ಕೌಟ್ (ಹೊಸ ಪ್ಲೇಯರ್‌ಗಳನ್ನ ಹುಡುಕೋರು), ಇದೆಲ್ಲಾ ನಿಜಾನೇ, ಆದ್ರೆ ಊರು ಅವರನ್ನ ಎದೆ ಮೇಲೆ ಇಟ್ಕೊಂಡಿರೋದು ಬೇರೆ ಕಾರಣಕ್ಕೆ. ಯಾರೂ ನೆನಪಿಟ್ಕೊಳ್ಳದೇ ಇದ್ದ ನೂರಾರು ಜನರನ್ನ ಅವರೊಬ್ರು ನೆನಪಿಟ್ಕೊಂಡು, ಊರೂರು ತಿರುಗಿ, ಕೇಳೋರಿಗೆಲ್ಲಾ ಹೇಳಿ, ಕೊನೇ ಉಸಿರಿನ ತನಕ ಆ ಕೆಲಸ ಬಿಡಲಿಲ್ಲ. ಬೇರೆಯವರ ಹೆಸರು ಉಳಿಸಿದ್ರು, ಹಂಗಾಗಿ ಅವರ ಹೆಸರೂ ಉಳೀತು.

ಮಗನಿಗೆ ಹೇಳೋಕೆ ಶುರುವಿಂದ ಬರ್ತೀನಿ.

ಪೂರ್ತಿ ಹೆಸರು ಜಾನ್ ಜೋರ್ಡನ್ ಓನೀಲ್, ಹುಟ್ಟಿದ್ದು 1911ರ ನವೆಂಬರ್ 13, ಫ್ಲಾರಿಡಾದ ಕ್ಯಾರಬೆಲ್ ಅನ್ನೋ ಊರಲ್ಲಿ, ಬೆಳೆದಿದ್ದು ಸರಸೋಟದಲ್ಲಿ. ಅವರ ತಾತ ಗುಲಾಮರಾಗಿದ್ದೋರು, ಅಂದ್ರೆ ಗುಲಾಮಗಿರಿ ಅನ್ನೋದು ಬಕ್‌ಗೆ ಪುಸ್ತಕದ ಪಾಠ ಆಗಿರಲಿಲ್ಲ, ಮನೆಯೊಳಗಿನ ಮಾತು. ಹುಡುಗ ಇದ್ದಾಗ ಸೆಲರಿ ಗದ್ದೇಲಿ ಕೂಲಿ ಮಾಡ್ತಿದ್ರು, ಸುಡು ಬಿಸಿಲಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಸಾಕಾಗಿ ಒಂದಿನ ಇದಕ್ಕಿಂತ ಒಳ್ಳೇದು ಏನೋ ಇರ್ಲೇಬೇಕಲ್ಲಾ ಅಂತ ಜೋರಾಗಿ ಅಂದ್ಬಿಟ್ರಂತೆ. ಸರಸೋಟ ಹೈಸ್ಕೂಲ್ ಬಿಳಿ ಮಕ್ಕಳಿಗೆ ಮಾತ್ರ, ಇವರನ್ನ ಒಳಗೆ ಬಿಡ್ತಿರಲಿಲ್ಲ, ಹಾಗಾಗಿ ಜಾಕ್ಸನ್‌ವಿಲ್‌ನ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋಗಿ ಅಲ್ಲಿ ಹೈಸ್ಕೂಲ್ ಓದು ಮುಗಿಸಿ, ಮೇಲೆ ಎರಡು ವರ್ಷ ಕಾಲೇಜೂ ಓದಿದ್ರು. ಅದೇ ಸರಸೋಟ ಹೈಸ್ಕೂಲ್ 1995ರಲ್ಲಿ ಅವರನ್ನ ಕರೆಸಿ ಗೌರವ ಡಿಪ್ಲೊಮಾ ಕೊಡ್ತು, ಆಗ ಅವರಿಗೆ 83 ವರ್ಷ. ಈ ತಡವಾಗಿ ಬರೋ ಗೌರವದ ಕಥೆ ಅವರ ಬದುಕಲ್ಲಿ ಇಲ್ಲಿಗೇ ಮುಗಿಯಲ್ಲ, ಮುಂದೆ ಇನ್ನೂ ದೊಡ್ಡದಾಗಿ ಬರುತ್ತೆ.

ಈಗ ಆ ಲೀಗ್ ಬಗ್ಗೆ. 19ನೇ ಶತಮಾನದ ಕೊನೆಯಿಂದ 1947ರವರೆಗೆ ಮೇಜರ್ ಲೀಗ್‌ನಲ್ಲಿ ಕರಿಯ ಆಟಗಾರರಿಗೆ ಜಾಗ ಇರಲಿಲ್ಲ. ಬರೆದಿಟ್ಟ ಕಾನೂನೇನೂ ಅಲ್ಲ, ಓನರ್‌ಗಳು ಒಳಗೊಳಗೇ ಮಾಡ್ಕೊಂಡಿದ್ದ ಒಪ್ಪಂದ. ಹಾಗಾಗಿ ಅವರು ತಮ್ಮದೇ ಟೀಮ್, ತಮ್ಮದೇ ಲೀಗ್ ಕಟ್ಕೊಂಡ್ರು. ಅದರಲ್ಲಿ ಗಟ್ಟಿಯಾಗಿ ನಿಂತ ಮೊದಲ ಲೀಗ್, ನೀಗ್ರೋ ನ್ಯಾಷನಲ್ ಲೀಗ್, ಹುಟ್ಟಿದ್ದು ಎಲ್ಲಿ ಗೊತ್ತಾ? ನಿಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್‌ನಲ್ಲಿರೋ ಪಸೇಯೊ ವೈಎಂಸಿಎ ಕಟ್ಟಡದಲ್ಲಿ. 1920ರ ಫೆಬ್ರವರಿಯಲ್ಲಿ ರೂಬ್ ಫಾಸ್ಟರ್ ಅನ್ನೋರು ಟೀಮ್ ಓನರ್‌ಗಳನ್ನ ಅಲ್ಲಿ ಸೇರಿಸಿ ಲೀಗ್ ಮಾಡಿದ್ರು. ಕಾನ್ಸಸ್ ಸಿಟಿ ಮೊನಾರ್ಕ್ಸ್ ಅದರಲ್ಲಿ ಶುರುವಿಂದಾನೇ ಇತ್ತು. ಮೊನಾರ್ಕ್ಸ್ ಓನರ್ ಜೆ. ಎಲ್. ವಿಲ್ಕಿನ್ಸನ್ ಬಿಳಿಯರು, ಆದ್ರೆ ಆಟಗಾರರು ಪ್ರೀತಿಯಿಂದ ನೆನೆಸ್ಕೊಳ್ತಿದ್ದ ಮನುಷ್ಯ. 1930ರಲ್ಲೇ ಲಾರಿ ಮೇಲೆ ದೀಪದ ಕಂಬ ಇಟ್ಕೊಂಡು ಊರೂರಿಗೆ ಹೋಗಿ ನೈಟ್ ಮ್ಯಾಚ್ ಆಡಿಸಿದ್ರು, ಮೇಜರ್ ಲೀಗ್‌ನಲ್ಲಿ ಮೊದಲ ನೈಟ್ ಮ್ಯಾಚ್ ಆಗಿದ್ದು 1935ರಲ್ಲಿ. ವಿಲ್ಕಿನ್ಸನ್ ಹೆಸರು ನೆನಪಿಟ್ಕೊಳ್ಳಿ, ಕೊನೇಲಿ ಮತ್ತೆ ಬರ್ತಾರೆ.

ಬಕ್ 1937ರಲ್ಲಿ ಮೆಂಫಿಸ್ ರೆಡ್ ಸಾಕ್ಸ್‌ಗೆ ಆಡಿ 1938ರಲ್ಲಿ ಮೊನಾರ್ಕ್ಸ್‌ಗೆ ಬಂದ್ರು. ಆಗ ಮ್ಯಾನೇಜರ್ ಆಂಡಿ ಕೂಪರ್, ಹಳೇ ಎಡಗೈ ಪಿಚರ್ (ಬಾಲ್ ಎಸೆಯೋರು, ಕ್ರಿಕೆಟ್‌ನ ಬೌಲರ್ ಥರ). ಜೊತೇಲಿ ಆಡ್ತಿದ್ದೋರು ವಿಲ್ಲರ್ಡ್ ಬ್ರೌನ್, ಸ್ವಲ್ಪ ಕಾಲ ಆದ್ಮೇಲೆ ಹೆಸರಾಂತ ಪಿಚರ್ ಸ್ಯಾಚೆಲ್ ಪೇಜ್ ಬಂದ್ರು. 1942ರ ನೀಗ್ರೋ ವರ್ಲ್ಡ್ ಸೀರೀಸ್‌ನಲ್ಲಿ (ನೀಗ್ರೋ ಲೀಗ್‌ಗಳ ಫೈನಲ್) ಹೋಮ್‌ಸ್ಟೆಡ್ ಗ್ರೇಸ್ ಟೀಮ್‌ನ ಒಂದು ಮ್ಯಾಚೂ ಗೆಲ್ಲೋಕೆ ಬಿಡದೆ ಸೋಲಿಸಿದ್ರು, ಆ ಟೀಮ್‌ನಲ್ಲಿ ನೀಗ್ರೋ ಲೀಗ್‌ನ ಮಹಾ ಹೊಡೆತಗಾರ ಜಾಶ್ ಗಿಬ್ಸನ್ ಇದ್ರು ಅಂದ್ರೆ ಯೋಚನೆ ಮಾಡಿ. ಆ ಸೀರೀಸ್‌ನಲ್ಲೇ ಸ್ಯಾಚೆಲ್ ಬೇಕಂತಲೇ ಬ್ಯಾಟರ್‌ಗಳನ್ನ ವಾಕ್ ಮಾಡಿಸಿ (ನಾಲ್ಕು ಬಾಲ್ ದೂರ ಹಾಕಿ ಫಸ್ಟ್ ಬೇಸ್‌ಗೆ ಫ್ರೀಯಾಗಿ ಬಿಟ್ಟು) ಬೇಸ್‌ಗಳನ್ನೆಲ್ಲಾ ತುಂಬಿಸ್ಕೊಂಡು, ಗಿಬ್ಸನ್ ಎದುರಿಗೇ ಬೌಲ್ ಮಾಡ್ತೀನಿ ಅಂತ ನಿಂತು, ಮೂರೇ ಬಾಲಲ್ಲಿ ಔಟ್ ಮಾಡಿದ್ರು ಅಂತ ಬಕ್ ಹೇಳೋ ಕಥೆ ಇದೆ. ಇತಿಹಾಸಕಾರರು ವಿವರಗಳ ಬಗ್ಗೆ ತಕರಾರು ತೆಗೀತಾರೆ, ತೆಗೀಲಿ. ಬಾಕ್ಸ್ ಸ್ಕೋರ್ ಸರಿಯಾಗಿ ಬರೆದಿಡೋಕೆ ಪೇಪರ್‌ನೋರೇ ಬರದೇ ಇದ್ದ ಎಷ್ಟೋ ಮ್ಯಾಚ್‌ಗಳಿಗೆ ಇಂಥ ಬಾಯಿಮಾತೇ ಉಳಿದಿರೋ ದಾಖಲೆ ಅನ್ನೋದನ್ನೂ ಅದರ ಜೊತೆ ಯೋಚನೆ ಮಾಡ್ಬೇಕು.

ಸ್ಯಾಚೆಲ್ ಬಕ್‌ನ ಜೀವನಪೂರ್ತಿ ನ್ಯಾನ್ಸಿ ಅಂತ ಕರೀತಿದ್ರು, ಅದೊಂದು ಕಥೆ ಕೇಳಿ, ಬಕ್ ಎಂಥವರು ಅಂತ ಗೊತ್ತಾಗುತ್ತೆ. ಟೂರ್‌ನಲ್ಲಿದ್ದಾಗ ಸ್ಯಾಚೆಲ್‌ಗೆ ನ್ಯಾನ್ಸಿ ಅನ್ನೋ ಹುಡುಗಿ ಪರಿಚಯ ಆಗಿ, ಶಿಕಾಗೊಗೆ ಬಾ ಅಂತ ಕರೆದಿದ್ರು. ಅವಳು ಹೋಟೆಲ್‌ಗೆ ಬಂದು ರೂಮಲ್ಲಿದ್ದಾಗಲೇ ಸ್ಯಾಚೆಲ್ ಮದುವೆ ಆಗಬೇಕಿದ್ದ ಲಹೋಮ ಕೂಡ ಬಂದ್ಬಿಟ್ರು. ಬಕ್ ಸದ್ದಿಲ್ಲದೆ ನ್ಯಾನ್ಸಿಗೆ ತಮ್ಮ ಪಕ್ಕದ ರೂಮ್ ಮಾಡಿಸಿಕೊಟ್ರು. ರಾತ್ರಿ ಸ್ಯಾಚೆಲ್ ಮೆಲ್ಲಗೆ ಎದ್ದು ಹೋಗಿ ಅವಳ ಬಾಗಿಲು ತಟ್ತಾ ನ್ಯಾನ್ಸಿ, ನ್ಯಾನ್ಸಿ ಅಂತ ಕರೀತಿದ್ದಾರೆ, ಅಷ್ಟರಲ್ಲಿ ಲಹೋಮಗೆ ಎಚ್ಚರ ಆಗಿ ಬಾಗಿಲು ತೆಗೆಯೋ ಸದ್ದು ಕೇಳಿಸ್ತು, ತಕ್ಷಣ ಬಕ್ ತಮ್ಮ ರೂಮಿಂದ ಹೊರಗೆ ಬಂದು ಏನು ಸ್ಯಾಚ್, ಕರೆದ್ಯಾ ಅಂದ್ರು. ಹೂಂ ನ್ಯಾನ್ಸಿ, ನಾಳೆ ಮ್ಯಾಚ್ ಎಷ್ಟೊತ್ತಿಗೆ ಅಂತ ಕೇಳೋಣ ಅಂತ ಬಂದೆ ಅಂದ್ರು ಸ್ಯಾಚೆಲ್. ಅವತ್ತಿಂದ ಆರಡಿ ಮೀರಿದ ಫಸ್ಟ್ ಬೇಸ್‌ಮನ್ ಹೆಸರು ನ್ಯಾನ್ಸಿ. ಬಕ್ ಇದನ್ನ ಹೇಳ್ತಿದ್ದಾಗ ಸಭೆಗೆ ಸಭೇನೇ ನಗ್ತಿತ್ತು.

ಅದೇ ಇಬ್ಬರ ಇನ್ನೊಂದು ಕಥೇನೂ ಹೇಳ್ಬೇಕು, ಯಾಕಂದ್ರೆ ಬಕ್ ಬರೀ ನಗಿಸೋರು ಅಂತ ಅನ್ಕೊಂಡ್ರೆ ಅನ್ಯಾಯ ಆಗುತ್ತೆ. ಒಂದ್ಸಲ ಟೀಮ್ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ಗೆ ಹೋಗಿದ್ದಾಗ ಹೋಟೆಲ್ ರೂಮ್ ಇನ್ನೂ ರೆಡಿ ಇರಲಿಲ್ಲ. ಸ್ಯಾಚೆಲ್ ಬಾ ನನ್ಜೊತೆ ಅಂತ ಕರ್ಕೊಂಡು ಹೋಗಿದ್ದು ಡ್ರಮ್ ಐಲೆಂಡ್‌ಗೆ, ಹಿಂದೆ ಅಲ್ಲಿ ಗುಲಾಮರನ್ನ ಹರಾಜು ಹಾಕ್ತಿದ್ರು. ಇಬ್ಬರೂ ಸುಮಾರು ಹೊತ್ತು ಒಂದು ಮಾತೂ ಆಡದೆ ನಿಂತ್ಕೊಂಡಿದ್ರಂತೆ. ಕೊನೆಗೆ ಸ್ಯಾಚೆಲ್, ನಾನು ಇಲ್ಲಿಗೆ ಮುಂಚೆ ಬಂದಿದ್ದೆ ಅನ್ಸುತ್ತೆ ಅಂದ್ರು, ಬಕ್ ನನಗೂ ಹಂಗೇ ಅನ್ಸುತ್ತೆ ಅಂದ್ರು. ಅಷ್ಟೇ ಮಾತು. ಸ್ಯಾಚೆಲ್ ಅಂದ್ರೆ ಬಾಯಿ ಜೋರು, ಷೋಮನ್ ಅಂತ ಮಾತ್ರ ಜನಕ್ಕೆ ಗೊತ್ತಿತ್ತು, ಆ ಮನುಷ್ಯನ ಒಳಗಿನ ಆಳ ತೋರಿಸೋಕೆ ಬಕ್ ಈ ಕಥೆ ಹೇಳ್ತಿದ್ರು. ಗೆಳೆಯ ಸತ್ತು ಎಷ್ಟೋ ವರ್ಷ ಆದ್ಮೇಲೂ ಅವನನ್ನ ಜನ ಅರ್ಧಂಬರ್ಧ ನೆನಪಿಟ್ಕೋಬಾರದು ಅನ್ನೋ ಕಾಳಜಿ ಅದು.

1943ರಿಂದ 45ರವರೆಗೆ ಬಕ್ ನೇವಿಯಲ್ಲಿದ್ರು. ಮುಂದೆ ಮೇಜರ್ ಲೀಗ್‌ನ ಆ ತಡೆ ಮುರಿದ ಕರಿಯ ಆಟಗಾರ ಜಾಕಿ ರಾಬಿನ್ಸನ್ ಮೊನಾರ್ಕ್ಸ್‌ಗೆ ಆಡಿದ್ದು 1945ರಲ್ಲಿ, ಬಕ್ ಊರಲ್ಲಿ ಇಲ್ಲದ ಸೀಸನ್. ಮೇಜರ್ ಲೀಗ್ ಟೀಮ್ ಬ್ರೂಕ್ಲಿನ್ ಡಾಜರ್ಸ್ ರಾಬಿನ್ಸನ್‌ನ ಸೈನ್ ಮಾಡಿದ ಸುದ್ದಿ ಬಕ್‌ಗೆ ಸಿಕ್ಕಿದ್ದು ಫಿಲಿಪೀನ್ಸ್‌ನ ಸೂಬಿಕ್ ಬೇನಲ್ಲಿ. ಕುಣಿದು ಕುಪ್ಪಳಿಸಿದ್ರಂತೆ. ಆದ್ರೆ 1947ರ ಏಪ್ರಿಲ್‌ನಲ್ಲಿ ರಾಬಿನ್ಸನ್ ಗ್ರೌಂಡ್‌ಗೆ ಇಳಿದಾಗ ಬಕ್‌ಗೆ ಆಗಲೇ 35, ಯಾವ ಮೇಜರ್ ಲೀಗ್ ಟೀಮೂ ಕರೆಯೋ ವಯಸ್ಸಲ್ಲ. ಜಾಶ್ ಗಿಬ್ಸನ್ ಅದೇ ವರ್ಷ ಜನವರಿಯಲ್ಲಿ ಸತ್ತೇಹೋಗಿದ್ರು. ಮೂರು ತಿಂಗಳ ಅಂತರ. ಬಾಗಿಲು ತೆಗೆದ್ರು, ಆದ್ರೆ ಬಾಗಿಲ ಮುಂದೆ ಹೆಚ್ಚು ಹೊತ್ತು ಕಾದಿದ್ದೋರು ಒಳಗೆ ಹೋಗೋ ಹಾಗೆ ಉಳಿದಿರಲಿಲ್ಲ. ಬಕ್‌ನ ಎಲ್ರೂ ಕೇಳೋರು, ನೀವು ಬೇಗ ಹುಟ್ಬಿಟ್ರಿ ಅಂತ ಬೇಜಾರಿಲ್ವಾ ಅಂತ. ಅವರು ಪ್ರತಿ ಸಲಾನೂ ಇಲ್ಲ, ನಾನು ಸರಿಯಾದ ಟೈಮ್‌ಗೇ ಬಂದೆ ಅನ್ನೋರು, ನಮಗೋಸ್ಕರ ಅಳಬೇಡಿ, ಗಿಬ್ಸನ್ ಆಟ ನೋಡೋಕೆ ಸಿಗದೇ ಇದ್ದ ಬಿಳಿಯರಿಗೋಸ್ಕರ ಅಳಿ ಅನ್ನೋ ಅರ್ಥದಲ್ಲಿ ಮಾತಾಡೋರು. ಈ ಮಾತನ್ನ ಕೆಲವರು ಅವರ ದೊಡ್ಡ ಮನಸ್ಸು ಅಂತ ಅಷ್ಟಕ್ಕೇ ಬಿಡ್ತಾರೆ. ನನ್ನ ಪ್ರಕಾರ ಅದರಲ್ಲಿ ಸ್ವಾಭಿಮಾನಾನೇ ಜಾಸ್ತಿ. ನಾವು ಆಡಿದ್ದು ಕಡಿಮೆ ಬೇಸ್‌ಬಾಲ್ ಅಲ್ಲ, ನಮ್ಮನ್ನ ನೋಡಿ ಪಾಪ ಅನ್ಬೇಡಿ ಅಂತ ಹೇಳ್ತಿದ್ರು ಅವರು.

1948ರಿಂದ 1955ರವರೆಗೆ ಮೊನಾರ್ಕ್ಸ್ ಮ್ಯಾನೇಜರ್. ಅವರ ಕೈ ಕೆಳಗೆ ಬೆಳೆದೋರಲ್ಲಿ ಎರ್ನಿ ಬ್ಯಾಂಕ್ಸ್, ಎಲ್‌ಸ್ಟನ್ ಹಾವರ್ಡ್ ಇದ್ದಾರೆ. ಒಳ್ಳೊಳ್ಳೆ ಹುಡುಗರೆಲ್ಲಾ ಮೇಜರ್ ಲೀಗ್‌ಗೆ ಹೋದ ಹಾಗೆ ನೀಗ್ರೋ ಲೀಗ್ ಬಡವಾಗ್ತಾ ಹೋಯ್ತು, ಜನ ಬರೋದು ನಿಂತೋಯ್ತು. ಬಕ್ ಮೇಜರ್ ಲೀಗ್ ಟೀಮ್ ಶಿಕಾಗೊ ಕಬ್ಸ್‌ಗೆ ಸ್ಕೌಟ್ ಆಗಿ ಸೇರ್ಕೊಂಡ್ರು. ಸ್ಕೌಟ್ ಅಂದ್ರೆ ಕಾರ್ ಹತ್ಕೊಂಡು ಸಣ್ಣ ಸಣ್ಣ ಊರು, ಕಾಲೇಜು ಗ್ರೌಂಡು ಸುತ್ತಿ ಯಾರಿಗೂ ಗೊತ್ತಿಲ್ಲದ ಹುಡುಗನಲ್ಲಿ ನಾಳೆಯ ಪ್ಲೇಯರ್‌ನ ಕಾಣೋದು, ಅವನ ಅಪ್ಪ ಅಮ್ಮನ ಹತ್ರ ಕೂತು ಮಾತಾಡೋದು. ಲೂಯಿಸಿಯಾನಾದ ಸದರ್ನ್ ಯೂನಿವರ್ಸಿಟಿಯಿಂದ ಲೂ ಬ್ರಾಕ್‌ನ ಸೈನ್ ಮಾಡಿಸಿದ್ದು ಬಕ್. ಆಮೇಲೆ ಲೀ ಸ್ಮಿತ್, ಜೋ ಕಾರ್ಟರ್. ಬ್ರಾಕ್ ಮತ್ತೆ ಸ್ಮಿತ್ ಇಬ್ಬರೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ, 1993ರ ವರ್ಲ್ಡ್ ಸೀರೀಸ್ ಕಡೇ ಹಿಟ್‌ನಲ್ಲಿ ಗೆಲ್ಲಿಸಿಕೊಟ್ಟ ಹೋಮ್ ರನ್ ಜೋ ಕಾರ್ಟರ್‌ದು.

1962ರಲ್ಲಿ ಕಬ್ಸ್ ಅವರನ್ನ ಕೋಚ್ ಮಾಡ್ತು, ಮೇಜರ್ ಲೀಗ್‌ನ ಮೊದಲ ಕರಿಯ ಕೋಚ್. ಹಿಸ್ಟರಿ ಪುಸ್ತಕದಲ್ಲಿ ಈ ಒಂದು ಸಾಲು ಹೆಮ್ಮೆಯಿಂದ ಇರುತ್ತೆ. ಆದ್ರೆ ಅದರ ಒಳಗೇನಿತ್ತು ಅಂದ್ರೆ, ಮ್ಯಾಚ್ ನಡೀವಾಗ ಅವರನ್ನ ಗ್ರೌಂಡ್‌ಗೆ ಕಳಿಸ್ತಿರಲಿಲ್ಲ. ಬೇಸ್‌ಬಾಲ್‌ನಲ್ಲಿ ಫಸ್ಟ್ ಬೇಸ್, ಥರ್ಡ್ ಬೇಸ್ ಪಕ್ಕ ಕೋಚ್ ನಿಂತ್ಕೊಂಡು ಓಡು, ನಿಲ್ಲು ಅಂತ ಸನ್ನೆ ಮಾಡ್ತಾರಲ್ಲ, ಅಲ್ಲಿಗೆ. ಒಂದು ಮ್ಯಾಚ್‌ನಲ್ಲಿ ಅಂಪೈರ್ ಜೊತೆ ಜಗಳ ಆಗಿ ಮ್ಯಾನೇಜರೂ, ಥರ್ಡ್ ಬೇಸ್ ಕೋಚೂ ಇಬ್ಬರೂ ಹೊರಗೆ ಹೋಗ್ಬೇಕಾಯ್ತು. ಡಗೌಟ್‌ನಲ್ಲೇ ಬಕ್ ಕೂತಿದ್ದಾರೆ, ಎಂಟು ವರ್ಷ ಟೀಮ್ ನಡೆಸಿದ ಅನುಭವ ಇದೆ. ಅವರನ್ನ ಬಿಟ್ಟು ದೂರದ ಬುಲ್‌ಪೆನ್‌ನಲ್ಲಿ, ಅಂದ್ರೆ ಪಿಚರ್‌ಗಳು ವಾರ್ಮ್ ಅಪ್ ಮಾಡೋ ಜಾಗದಲ್ಲಿದ್ದ ಪಿಚಿಂಗ್ ಕೋಚ್‌ನ ಕರೆಸಿ ನಿಲ್ಲಿಸಿದ್ರು. ಇದನ್ನ ಬಕ್ ಯಾವಾಗ್ಲೂ ಮರೀಲಿಲ್ಲ, ನೋವಾಯ್ತು ಅಂತ ಹೇಳ್ಕೊಂಡಿದ್ದಾರೆ. ನಿಮ್ಮ ಮಗ ಬರೆಯುವಾಗ ಮೊದಲ ಕರಿಯ ಕೋಚ್ ಅನ್ನೋ ಸಾಲಿನ ಜೊತೆಗೆ ಇದನ್ನೂ ಬರೀಲಿ. ಹುದ್ದೆ ಕೊಟ್ಟೂ ಕೆಲಸ ಕೊಡದೇ ಇರೋದು ಹೇಗೆ ಅಂತ ಮಕ್ಕಳಿಗೂ ಅರ್ಥ ಆಗುತ್ತೆ.

1988ರಲ್ಲಿ ರಾಯಲ್ಸ್‌ಗೆ ಸ್ಕೌಟ್ ಆಗಿ ಬಂದ್ರು, ವಯಸ್ಸು ಎಪ್ಪತ್ತು ದಾಟಿ ಆಗಿತ್ತು. ಬೇರೆಯವರಾಗಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ಬಕ್‌ನ ಪ್ರಪಂಚಕ್ಕೆ ಪರಿಚಯ ಮಾಡಿಸಿದ ಬದುಕು ಶುರುವಾಗಿದ್ದೇ ಇಲ್ಲಿಂದ. 1990ರಲ್ಲಿ 18ನೇ ಬೀದಿ ಮತ್ತೆ ವೈನ್ ಬೀದಿ ಸೇರೋ ಕಡೆ ಒಂದೇ ರೂಮಿನ ಆಫೀಸಲ್ಲಿ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ ಶುರು ಮಾಡಿದ್ರು, ಬಕ್ ಮತ್ತೆ ಹಳೇ ಆಟಗಾರರು ಕೆಲವರು ಪಾಳಿ ಹಾಕ್ಕೊಂಡು ಒಬ್ಬೊಬ್ರು ಒಂದೊಂದು ತಿಂಗಳ ಬಾಡಿಗೆ ಕಟ್ತಿದ್ರು. 1994ರಲ್ಲಿ ಪಿಬಿಎಸ್ ಟಿವಿಯಲ್ಲಿ ಕೆನ್ ಬರ್ನ್ಸ್ ಮಾಡಿದ ಬೇಸ್‌ಬಾಲ್ ಡಾಕ್ಯುಮೆಂಟರಿ ಬಂತು, ಅದರಲ್ಲಿ ಮೃದುವಾಗಿ ನಗ್ತಾ, ಕಣ್ಣರಳಿಸಿ ಕಥೆ ಹೇಳೋ ಈ ಅಜ್ಜ ಯಾರು ಅಂತ ಇಡೀ ಅಮೆರಿಕ ಕೇಳ್ತು. 82ನೇ ವಯಸ್ಸಲ್ಲಿ ಸ್ಟಾರ್ ಆದ್ರು. ಅಲ್ಲಿಂದ ಹನ್ನೆರಡು ವರ್ಷ ಸ್ಕೂಲು, ಚರ್ಚು, ಸ್ಟೇಡಿಯಂ, ಡಿನ್ನರು, ಎಲ್ಲಿ ಕರೆದ್ರೂ ಹೋಗಿ ಗಿಬ್ಸನ್, ಸ್ಯಾಚೆಲ್, ಕೂಲ್ ಪಪಾ ಬೆಲ್ ಥರದ ನೀಗ್ರೋ ಲೀಗ್ ಆಟಗಾರರ ಬಗ್ಗೆ ಹೇಳಿದ್ರು. 1997ರಲ್ಲಿ ಮ್ಯೂಸಿಯಂ ಈಗಿರೋ ಹೊಸ ಕಟ್ಟಡಕ್ಕೆ ಬಂತು. ಅದೇ ವರ್ಷ ಹೆಂಡತಿ ಓರಾ ಕ್ಯಾನ್ಸರ್‌ನಲ್ಲಿ ತೀರ್ಕೊಂಡ್ರು, ಮೇಷ್ಟ್ರಾಗಿದ್ದೋರು, 51 ವರ್ಷದ ಸಂಸಾರ. ಮಕ್ಕಳಿರಲಿಲ್ಲ.

ಅವರು ಹೇಳ್ತಿದ್ದ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ಯಾಟ್‌ನ ಸದ್ದಿನ ಕಥೆ. ಫ್ಲಾರಿಡಾದಲ್ಲಿ ಚಿಕ್ಕ ಹುಡುಗ ಇದ್ದಾಗ ಬೇಲಿ ಆಚೆಯಿಂದ ಬ್ಯಾಟಿಗೆ ಬಾಲ್ ಬಡಿದ ಒಂದು ಸದ್ದು ಕೇಳಿ, ಇಂಥದ್ದು ಕೇಳೇ ಇಲ್ವಲ್ಲ ಅಂತ ಹತ್ತಿ ನೋಡಿದ್ರೆ ಬಿಳಿಯರ ಮೇಜರ್ ಲೀಗ್‌ನ ದೊಡ್ಡ ಸ್ಟಾರ್ ಬೇಬ್ ರೂತ್. ಎಷ್ಟೋ ವರ್ಷ ಆದ್ಮೇಲೆ ಕ್ಲಬ್‌ಹೌಸ್‌ನಲ್ಲಿ ಬಟ್ಟೆ ಹಾಕ್ಕೊಳ್ತಿದ್ದಾಗ ಅದೇ ಸದ್ದು, ಅರ್ಧ ಡ್ರೆಸ್‌ನಲ್ಲೇ ಓಡಿಬಂದು ನೋಡಿದ್ರೆ ಜಾಶ್ ಗಿಬ್ಸನ್. ಮೂರನೇ ಸಲ ಕೇಳಿಸಿದ್ದು ನೀವು ಮೊನ್ನೆ ಹೋಗಿದ್ರಲ್ಲ ಅದೇ ಸ್ಟೇಡಿಯಂನಲ್ಲಿ, 1980ರ ದಶಕದಲ್ಲಿ, ರಾಯಲ್ಸ್‌ನ ಬೋ ಜಾಕ್ಸನ್ ಬ್ಯಾಟಿಂಗ್ ಪ್ರಾಕ್ಟೀಸ್ ಮಾಡ್ತಿದ್ರು. ನಾಲ್ಕನೇದು ಕೇಳಿಸುತ್ತೆ ಅಂತಲೇ ಇವತ್ತಿಗೂ ಗ್ರೌಂಡ್‌ಗೆ ಬರ್ತೀನಿ ಅನ್ನೋರು. ಗಮನಿಸಿ, ಬೇಬ್ ರೂತ್ ಪಕ್ಕ ಎಷ್ಟು ಸಲೀಸಾಗಿ ಗಿಬ್ಸನ್‌ನ ಕೂರಿಸ್ತಾರೆ ನೋಡಿ, ವಾದ ಇಲ್ಲ, ಜಗಳ ಇಲ್ಲ, ಕೇಳಿದೋರ ತಲೇಲಿ ಇಬ್ಬರೂ ಸಮ ಅಂತ ಕೂತ್ಬಿಡುತ್ತೆ. ಮೂವತ್ತು ಪುಟದ ಪ್ರಬಂಧ ಮಾಡದ ಕೆಲಸ ಅದು.

ಈಗ 2006ಕ್ಕೆ ಬರ್ತೀನಿ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ.

ಹಾಲ್ ಆಫ್ ಫೇಮ್‌ನೋರು ನೀಗ್ರೋ ಲೀಗ್ ಕಾಲದವರಿಗೆ ಅಂತಲೇ 12 ಜನರ ವಿಶೇಷ ಕಮಿಟಿ ಮಾಡಿದ್ರು. ಆಯ್ಕೆ ಆಗೋಕೆ ಒಂಬತ್ತು ವೋಟ್ ಬೇಕು. ಫೆಬ್ರವರಿ 27ಕ್ಕೆ ರಿಸಲ್ಟ್. ಮ್ಯೂಸಿಯಂನಲ್ಲಿ ಜನ ಸೇರಿದ್ರು, ಎಲ್ರಿಗೂ ಬಕ್ ಆಗೇ ಆಗ್ತಾರೆ ಅನ್ನೋ ನಂಬಿಕೆ. 17 ಜನ ಆಯ್ಕೆ ಆದ್ರು, ಅದರಲ್ಲಿ ಬಕ್ ಇರಲಿಲ್ಲ. ಒಂದೇ ಒಂದು ವೋಟಲ್ಲಿ ತಪ್ಪಿಹೋಯ್ತು ಅಂತ ಆಗ ಸುದ್ದಿ ಬಂತು. ಆಯ್ಕೆಯಾದ 17ರಲ್ಲಿ ಒಬ್ರೂ ಬದುಕಿರಲಿಲ್ಲ, ಬದುಕಿದ್ದ 94ರ ಮನುಷ್ಯನ್ನ ಬಿಟ್ಟಿದ್ರು. ಆಮೇಲೆ ಮ್ಯೂಸಿಯಂ ಪ್ರೆಸಿಡೆಂಟ್ ಆದ ಬಾಬ್ ಕೆಂಡ್ರಿಕ್ ಈ ಸುದ್ದಿನ ಬಕ್‌ಗೆ ಹೇಳ್ಬೇಕಾಗಿ ಬಂತು. ಬಕ್ ಹೊರಗೆ ಬಂದು ಸೇರಿದ್ದ ಜನಕ್ಕೆ, ನನಗೋಸ್ಕರ ಕಣ್ಣೀರು ಹಾಕ್ಬೇಡಿ ಅಂದ್ರು. ಆಮೇಲೆ ಅವರಿಗೆ ಬಂದ ಯೋಚನೆ, ಆ 17 ಜನರ ಪರವಾಗಿ ಹಾಲ್ ಆಫ್ ಫೇಮ್ ಇರೋ ಕೂಪರ್ಸ್‌ಟೌನ್‌ನಲ್ಲಿ ಮಾತಾಡೋರು ಯಾರು ಅಂತ.

ಬಿಟ್ಟಿದ್ದು ತಪ್ಪು ಅಂತ ನಾನು ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ಪ್ಲೇಯರ್ ಅಂತ ಮಾತ್ರ ತೂಗಿದ್ರೆ ಸ್ವಲ್ಪ ಕಡಿಮೆ ಬರಬಹುದು, ಮ್ಯಾನೇಜರ್ ಅಂತ ಮಾತ್ರ ತೂಗಿದ್ರೂ ಹಾಗೇ, ಸ್ಕೌಟ್ ಅಂತ ಮಾತ್ರ ತೂಗೋಕೆ ಆಗ ದಾರೀನೇ ಇರಲಿಲ್ಲ. ಆದ್ರೆ ಎಪ್ಪತ್ತು ವರ್ಷ ಒಂದೇ ಆಟಕ್ಕೆ ಕೊಟ್ಟ ಒಂದು ಬದುಕನ್ನ ತುಂಡು ತುಂಡು ಮಾಡಿ ಯಾಕೆ ತೂಗ್ಬೇಕು? ಆ ಕಮಿಟಿಯಲ್ಲಿ ಕೂತಿದ್ದೋರು ಓದಿದೋರು, ನೀಗ್ರೋ ಲೀಗ್ ಬಗ್ಗೆ ಕಷ್ಟಪಟ್ಟು ಕೆಲಸ ಮಾಡಿದೋರು, ಅದು ನನಗೆ ಗೊತ್ತು. ಆದ್ರೂ ಹಾಗೊಂದು ಕಮಿಟಿ ಬೇಕು ಅಂತ ಜನಕ್ಕೆ ಅನ್ನಿಸೋ ಹಾಗೆ ಮಾಡಿದ್ದು ಯಾರು ಅನ್ನೋದನ್ನ ಅವರು ಯೋಚನೆ ಮಾಡ್ಬೇಕಿತ್ತು.

ಜುಲೈ 18ಕ್ಕೆ, ಕೂಪರ್ಸ್‌ಟೌನ್‌ಗೆ ಹೋಗೋ ಹನ್ನೆರಡು ದಿನ ಮುಂಚೆ, ಬಕ್ ಕಾನ್ಸಸ್ ಸಿಟಿಯಲ್ಲೇ ನಾರ್ದರ್ನ್ ಲೀಗ್ ಅನ್ನೋ ಚಿಕ್ಕ ಲೀಗ್‌ನ ಆಲ್ ಸ್ಟಾರ್ ಮ್ಯಾಚ್‌ನಲ್ಲಿ ಬ್ಯಾಟ್ ಹಿಡ್ಕೊಂಡು ಇಳಿದ್ರು. 94ನೇ ವಯಸ್ಸಲ್ಲಿ! ಬೇಕಂತಲೇ ದೂರ ಬಾಲ್ ಹಾಕಿ ವಾಕ್ ಕೊಟ್ರು, ಫಸ್ಟ್ ಬೇಸ್‌ಗೆ ನಡ್ಕೊಂಡು ಹೋದ್ರು. ಇನ್ನಿಂಗ್ಸ್ ಅರ್ಧಕ್ಕೆ ಅವರನ್ನ ಎದುರು ಟೀಮ್‌ಗೆ ಟ್ರೇಡ್ ಮಾಡಿದ್ದೀವಿ ಅಂತ ಅನೌನ್ಸ್ ಮಾಡಿ ಮತ್ತೆ ಬ್ಯಾಟಿಂಗ್‌ಗೆ ಕಳಿಸಿದ್ರು, ಮತ್ತೆ ವಾಕ್. ಮಗನಿಗೆ ಇದು ಖಂಡಿತ ಇಷ್ಟ ಆಗುತ್ತೆ.

ಜುಲೈ 30, ಕೂಪರ್ಸ್‌ಟೌನ್. ಆ ದಿನ ಸೇರ್ಪಡೆ ಆದ ಜೀವಂತ ಪ್ಲೇಯರ್ ಬ್ರೂಸ್ ಸಟ್ಟರ್ ಒಬ್ರೇ. ತಮ್ಮನ್ನ ಒಳಗೆ ಬಿಡದೇ ಇದ್ದ ಜಾಗದಲ್ಲಿ ನಿಂತು ಬಕ್ 17 ಜನರ ಪರ ಮಾತಾಡಿದ್ರು. ಇಲ್ಲೊಂದು ವಿಷಯ ಇದೆ, ತುಂಬಾ ಜನ ಗಮನಿಸಲ್ಲ. ಆ 17 ಹೆಸರು ಬಕ್‌ಗೆ ಬರೀ ಹೆಸರಾಗಿರಲಿಲ್ಲ. ಜೆ. ಎಲ್. ವಿಲ್ಕಿನ್ಸನ್ ಅಂತ ಹೇಳಿದ್ನಲ್ಲ, ಅವರು ಬಕ್‌ಗೆ ಸಂಬಳ ಕೊಟ್ಟ ಓನರ್. ಆಂಡಿ ಕೂಪರ್ ಅವರ ಮೊದಲ ಮೊನಾರ್ಕ್ಸ್ ಮ್ಯಾನೇಜರ್. ವಿಲ್ಲರ್ಡ್ ಬ್ರೌನ್ ಜೊತೇಲಿ ಆಡಿ, ಆಮೇಲೆ ಇವರ ಕೈ ಕೆಳಗೂ ಆಡಿದ ಗೆಳೆಯ. ಅಂದ್ರೆ ತಮ್ಮ ಯಜಮಾನ್ರು, ತಮ್ಮ ಗುರು, ತಮ್ಮ ಜೊತೆಗಾರ, ಮೂವರಿಗೂ ಸಿಕ್ಕಿದ ಗೌರವ ತಮಗೆ ಸಿಗದೇ ಇದ್ದಾಗ, ಅವರ ಪರವಾಗಿ ಅದನ್ನ ತಾವೇ ಸ್ವೀಕರಿಸಿದ್ರು. ದ್ವೇಷ ಮಾಡೋದನ್ನ ನಾನು ಕಲೀಲಿಲ್ಲ ಅಂದ್ರು, ಕ್ಯಾನ್ಸರ್‌ನ ದ್ವೇಷಿಸ್ತೀನಿ, ಅಮ್ಮನ್ನೂ ಹೆಂಡತೀನೂ ತಗೊಂಡು ಹೋಯ್ತು, ಆದ್ರೆ ಮನುಷ್ಯನ್ನ ದ್ವೇಷ ಮಾಡೋಕೆ ನನ್ನಿಂದ ಆಗಲ್ಲ ಅಂತ ಹೇಳಿದ್ರು. ಕೊನೇಲಿ ಸ್ಟೇಜ್ ಮೇಲಿದ್ದ ದೊಡ್ಡ ದೊಡ್ಡ ಪ್ಲೇಯರ್‌ಗಳಿಗೂ, ಕೆಳಗಿದ್ದ ಸಾವಿರಾರು ಜನಕ್ಕೂ ಪಕ್ಕದೋರ ಕೈ ಹಿಡ್ಕೊಳ್ಳಿ ಅಂತ ಹೇಳಿ ಪ್ರೀತಿಯ ಮೇಲಿನ ಒಂದು ಸಾಲು ತಾವೇ ಹಾಡಿ ಎಲ್ರ ಕೈಲೂ ಹಾಡಿಸಿದ್ರು. ವಿಡಿಯೊ ಸಿಗುತ್ತೆ, ಮಗನ ಜೊತೆ ಕೂತು ನೋಡಿ. ಅವರ ದನಿಯಲ್ಲಿ ಎಲ್ಲಾದ್ರೂ ಕಹಿ ಸಿಗುತ್ತಾ ಅಂತ ನಾನು ಹುಡುಕಿದ್ದೀನಿ, ಸಿಕ್ಕಿಲ್ಲ.

ಆಗಸ್ಟ್‌ನಲ್ಲಿ ಸುಸ್ತು ಅಂತ ಆಸ್ಪತ್ರೆ ಸೇರಿದ್ರು, ಅಕ್ಟೋಬರ್ 6ಕ್ಕೆ ತೀರ್ಕೊಂಡ್ರು. 95 ತುಂಬೋಕೆ ಒಂದು ತಿಂಗಳು ಚಿಲ್ಲರೆ ಬಾಕಿ ಇತ್ತು.

ಆಮೇಲೆ ಬಂದ ಗೌರವಗಳನ್ನ ಬೇಗ ಹೇಳ್ಬಿಡ್ತೀನಿ. ಅದೇ ಡಿಸೆಂಬರ್‌ನಲ್ಲಿ ಅಮೆರಿಕದ ಅತಿ ದೊಡ್ಡ ನಾಗರಿಕ ಗೌರವ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್, ತಮ್ಮ ವಾರೆನ್ ಹೋಗಿ ತಗೊಂಡ್ರು. 2007ರ ಸೀಸನ್ನಿಂದ ರಾಯಲ್ಸ್‌ನೋರು ಬಕ್ ಕೂರ್ತಿದ್ದ ಸೀಟ್‌ನ ಕೆಂಪು ಮಾಡಿ, ಪ್ರತಿ ಹೋಮ್ ಮ್ಯಾಚ್‌ಗೂ ಸಮಾಜಕ್ಕೆ ಏನಾದ್ರೂ ಒಳ್ಳೇದು ಮಾಡಿದ ಒಬ್ಬ ಸಾಮಾನ್ಯ ವ್ಯಕ್ತೀನ ಅಲ್ಲಿ ಕೂರಿಸ್ತಾರೆ. ಖಾಲಿ ಬಿಟ್ಟು ಹೂವಿನ ಹಾರ ಹಾಕೋ ಬದಲು ದಿನಾ ಒಬ್ಬ ಹೊಸಬರನ್ನ ಕೂರಿಸೋದಿದೆಯಲ್ಲ, ಬಕ್‌ಗೆ ಇದಕ್ಕಿಂತ ಸರಿಹೊಂದೋ ಸ್ಮಾರಕ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಯಾರು ಬೇಕಾದ್ರೂ ಹೆಸರು ಸೂಚಿಸಬಹುದು, ನಿಮಗೆ ಗೊತ್ತಿರೋ ಒಳ್ಳೆಯವರು ಇದ್ರೆ ನೀವೂ ಕಳಿಸಿ. 2008ರಲ್ಲಿ ಹಾಲ್ ಆಫ್ ಫೇಮ್ ಅವರ ಹೆಸರಲ್ಲಿ ಜೀವಮಾನ ಸಾಧನೆ ಪ್ರಶಸ್ತಿ ಮಾಡಿ, ಮೂರ್ತೀನೂ ಇಡ್ತು. 2021ರ ಡಿಸೆಂಬರ್‌ನಲ್ಲಿ ಬೇರೆ ಕಮಿಟಿ 16ರಲ್ಲಿ 13 ವೋಟ್ ಕೊಟ್ಟು ಆಯ್ಕೆ ಮಾಡ್ತು, 2022ರ ಜುಲೈನಲ್ಲಿ ಅಧಿಕೃತವಾಗಿ ಸೇರಿದ್ರು.

ಸತ್ತ ಮೇಲೆ ಕೊಟ್ಟು ಏನು ಬಂತು ಅಂತ ನಿಮ್ಮನೆಯವರು ಕೇಳಿದ್ದು ನ್ಯಾಯವಾಗೇ ಇದೆ. ಬಕ್‌ಗೆ ಏನೂ ಬರಲಿಲ್ಲ, ಅದನ್ನ ಮುಚ್ಚಿಡೋದು ಬೇಡ. ಬದುಕಿದ್ದಾಗ ಕೊಡಬೇಕಿತ್ತು, ಕೊಡಲಿಲ್ಲ. 2022ರ ಫಲಕ 2006ರ ತಪ್ಪನ್ನ ಅಳಿಸಲ್ಲ. ಆದ್ರೆ ಬಕ್ ಜೀವನಪೂರ್ತಿ ಮಾಡಿದ್ದೇ ಸತ್ತವರಿಗೆ ಗೌರವ ಕೇಳೋ ಕೆಲಸ. ಗಿಬ್ಸನ್ ಹಾಲ್ ಆಫ್ ಫೇಮ್ ಸೇರಿದ್ದು ಸತ್ತು 25 ವರ್ಷ ಆದ್ಮೇಲೆ. ಆ 17 ಜನಕ್ಕೂ ಹಾಗೇ. ಇದೆಲ್ಲಾ ಈಗ ಯಾಕೆ ಅಂತ ಬಕ್ ಅವತ್ತು ಕೈಚೆಲ್ಲಿದ್ರೆ ವಿಲ್ಲರ್ಡ್ ಬ್ರೌನ್ ಯಾರು ಅಂತ ಇವತ್ತು ಕಾನ್ಸಸ್ ಸಿಟಿ ಮಕ್ಕಳಿಗೆ ಗೊತ್ತಿರ್ತಿರಲಿಲ್ಲ. ಫಲಕ ಇರೋದು ಸತ್ತವರಿಗಲ್ಲ, ಅದರ ಮುಂದೆ ನಿಂತು ಅಪ್ಪಾ ಇದ್ಯಾರು ಅಂತ ಕೇಳೋ ಮಕ್ಕಳಿಗೆ. ನಿಮ್ಮ ಮಗ ಈಗ ಬರೀತಿದ್ದಾನಲ್ಲ, ನಿಮ್ಮನೆಯವರಿಗೆ ಅದನ್ನೇ ತೋರಿಸಿ.

ಬರೆಯೋ ಮುಂಚೆ ಒಂದು ಶನಿವಾರ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಟೈಮಿಂಗ್ ನೋಡ್ಕೊಂಡು ಹೋಗಿ, ಕನಿಷ್ಠ ಎರಡು ಗಂಟೆ ಇಟ್ಕೊಳ್ಳಿ. ಒಳಗೆ ಹೋದ ಕೂಡ್ಲೇ ತಂತಿ ಬಲೆ ಆಚೆ ಒಂದು ಬೇಸ್‌ಬಾಲ್ ಫೀಲ್ಡ್ ಕಾಣುತ್ತೆ, ಹತ್ತು ಜನ ದಿಗ್ಗಜರ ಕಂಚಿನ ಮೂರ್ತಿಗಳು ತಮ್ಮ ತಮ್ಮ ಪೊಸಿಷನ್‌ನಲ್ಲಿ ನಿಂತಿವೆ, ಆದ್ರೆ ಆಗಲೇ ಹೋಗೋ ಹಾಗಿಲ್ಲ. ಇಡೀ ಇತಿಹಾಸ ನೋಡ್ಕೊಂಡು ಸುತ್ತಿ ಬಂದ್ಮೇಲೇನೇ ಆ ಫೀಲ್ಡ್‌ಗೆ ಕಾಲಿಡಬಹುದು. ಬಲೆ ಹತ್ರಾನೇ ಬಕ್ ಮೂರ್ತೀನೂ ಇದೆ, ಮ್ಯಾನೇಜರ್ ಥರ ನಿಂತು ಆಟ ನೋಡ್ತಿದ್ದಾರೆ. ಅದೇ ಕಟ್ಟಡದಲ್ಲಿ ಅಮೆರಿಕನ್ ಜಾಝ್ ಮ್ಯೂಸಿಯಂ ಇದೆ, ಮೊನಾರ್ಕ್ಸ್ ಪ್ಲೇಯರ್‌ಗಳು ಮ್ಯಾಚ್ ಮುಗಿಸಿ ಸಂಜೆ ಸೇರ್ತಿದ್ದ ಬೀದೀನೂ ಅದೇ, ಹಾಗಾಗಿ ಎರಡನ್ನೂ ಒಟ್ಟಿಗೆ ನೋಡಿ. ಅಲ್ಲಿಂದ ಪಸೇಯೊ ವೈಎಂಸಿಎ ಕಟ್ಟಡ ತುಂಬಾ ಹತ್ರ, ಕಾರಿಂದಾನೇ ತೋರಿಸಬಹುದು.

ಮಗನ ಬರಹ ಎರಡು ಪುಟ ಮಾತ್ರ ಅಂತಾದ್ರೆ ಹುಟ್ಟು, ಸಾವು, ಪ್ರಶಸ್ತಿ ಪಟ್ಟಿ ಎಲ್ಲಾ ಒಂದು ಪ್ಯಾರಾದಲ್ಲಿ ಮುಗಿಸಿ, ಉಳಿದ ಜಾಗ ಪೂರ್ತಿ 2006ರ ಜುಲೈ 30ಕ್ಕೆ ಕೊಡ್ಲಿ, ವಿಲ್ಕಿನ್ಸನ್, ಕೂಪರ್, ಬ್ರೌನ್ ಮೂರು ಹೆಸರೂ ಬರೀಲಿ. ವಿಲ್ಲರ್ಡ್ ಬ್ರೌನ್ ಬಗ್ಗೆ ಇನ್ನೂ ಬೇಕಿದ್ರೆ ಕೇಳಿ. 1947ರಲ್ಲಿ ಅಮೆರಿಕನ್ ಲೀಗ್‌ನಲ್ಲಿ ಹೋಮ್ ರನ್ ಹೊಡೆದ ಮೊದಲ ಕರಿಯ ಆಟಗಾರ ಅವರು, ಬ್ಯಾಟ್ ಅದೇ ಟೀಮ್‌ನ ಬಿಳಿಯ ಆಟಗಾರಂದು, ಹೋಮ್ ರನ್ ಹೊಡೆದು ವಾಪಸ್ ಬರೋಷ್ಟರಲ್ಲಿ ಅವನು ತನ್ನ ಬ್ಯಾಟ್‌ನ ತಾನೇ ಮುರಿದು ಹಾಕಿದ್ದ. ಅವರದ್ದೇ ಒಂದು ದೊಡ್ಡ ಕಥೆ ಇದೆ, ಇನ್ನೊಂದ್ಸಲ ಬರೀತೀನಿ.